ಒಂದೇ ಸ್ಪೆಲ್ಲಿಂಗ್, ಎರಡು ಉಚ್ಚಾರ: ಕನ್ನಡ ಮಾಧ್ಯಮದ ಮಕ್ಕಳಿಗೆ ಹೇಳಿಕೊಡೋದು ಹೇಗೆ?

ಕಟ್ಟಿನಕೆರೆ_ಇಂಗ್ಲಿಷ್ (ಹಾಸನ)

9ನೇ ತರಗತಿ, ಕನ್ನಡ ಮಾಧ್ಯಮ. ಅಕ್ಷರ ಒಂದೇ ಇದ್ದು ಉಚ್ಚಾರ, ಅರ್ಥ ಎರಡೂ ಬೇರೆಯಾಗುವ ಇಂಗ್ಲಿಷ್ ಪದಗಳಿಗೆ 40 ನಿಮಿಷದ ಎರಡು ಪೀರಿಯಡ್ ಇದೆ. ಎಲ್-ಇ-ಎ-ಡಿ ಒಂದು ಕಡೆ ‘ಲೀಡ್’, ಇನ್ನೊಂದು ಕಡೆ ‘ಲೆಡ್’. ಟಿ-ಇ-ಎ-ಆರ್ ಕಣ್ಣೀರಾದರೆ ‘ಟಿಯರ್’, ಹರಿಯೋದಾದರೆ ‘ಟೇರ್’. ಗೈಡುಗಳಲ್ಲಿ ಇಂಥವನ್ನು ನಲವತ್ತು ಐವತ್ತು ಸಾಲಾಗಿ ಕೊಟ್ಟು ಬಿಟ್ಟಿರುತ್ತಾರೆ. ಹಾಗೆ ಉರು ಹೊಡೆಸಿದರೆ ಮಾರನೇ ದಿನಕ್ಕೆ ಒಂದೂ ಉಳಿಯಲ್ಲ.

ಕೇಳಬೇಕಾದ್ದು ಮೂರು. ಯಾವ ಪದ ಮೊದಲು, ಯಾವುದು ಆಮೇಲೆ? ಬೋರ್ಡಿನ ಮೇಲೆ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆದುಕೊಡಬಹುದಾ, ಬರೆದರೆ ಎಲ್ಲಿ ಕೈಕೊಡುತ್ತೆ? ಇನ್ನೊಂದು, ಮಕ್ಕಳು ಕೇಳೇ ಕೇಳುತ್ತಾರೆ: ಕನ್ನಡದಲ್ಲಿ ಇಂಥವು ಇಲ್ವಾ? ‘ಕನ್ನಡ ಬರೆದಂತೆ ಓದುವ ಭಾಷೆ, ಹಾಗಾಗಿ ಇಲ್ಲ’ ಅಂದುಬಿಟ್ಟರೆ ಸಾಕಾ?

ಅರಸೀಕೆರೆ_ಜಂಕ್ಷನ್

ಅಕಾರಾದಿ ಪಟ್ಟಿಯನ್ನು ಪಕ್ಕಕ್ಕಿಡಿ. ಸದ್ದಿನಲ್ಲಿ ಏನು ಬದಲಾಗುತ್ತೆ ಅನ್ನೋದರ ಮೇಲೆ ಮೂರು ಗುಂಪು ಮಾಡಿ, ಒಂದು ಪೀರಿಯಡ್‌ಗೆ ಎಂಟು ಪದಕ್ಕಿಂತ ಜಾಸ್ತಿ ಬೇಡ.

ಮೊದಲನೇ ಗುಂಪಿನಲ್ಲಿ ಸ್ವರ ಬದಲಾಗುತ್ತೆ. ಲೀಡ್/ಲೆಡ್, ರೀಡ್/ರೆಡ್, ಟಿಯರ್/ಟೇರ್, ಬೋ (ಬಿಲ್ಲು)/ಬೌ (ತಲೆಬಾಗು), ಲಿವ್/ಲೈವ್, ವಿಂಡ್/ವೈಂಡ್, ಮಿನಿಟ್/ಮೈನ್ಯೂಟ್ (ಅತಿ ಸಣ್ಣ). ಇವನ್ನು ಕನ್ನಡ ಅಕ್ಷರದಲ್ಲಿ ಧಾರಾಳವಾಗಿ ಬರೆಯಿರಿ, ಏನೂ ಕೆಡಲ್ಲ. ಪ್ರತಿಯೊಂದಕ್ಕೂ ಮಕ್ಕಳ ಕಿವಿಗೆ ಆಗಲೇ ಬಿದ್ದಿರುವ ಒಂದು ಗೂಟ ಹುಡುಕಿ. ‘ವೈಂಡ್’ಗೆ ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿಯ ಬೋರ್ಡು ಸಾಕು, ‘ಮೋಟರ್ ವೈಂಡಿಂಗ್’ ಅಂತ ಊರೂರಲ್ಲೂ ಇರುತ್ತೆ. ತಂತಿ ಸುತ್ತೋದು ವೈಂಡ್, ಗಾಳಿ ವಿಂಡ್. ‘ಲೈವ್’ಗೆ ಕ್ರಿಕೆಟ್ ಇದೆ. ‘ಲೆಡ್’ಗೆ ಯುಪಿಎಸ್ ಬ್ಯಾಟರಿ: ಲೆಡ್-ಆಸಿಡ್. ವಿಜ್ಞಾನದ ಪಾಠದ ಸೀಸ, ಪರಮಾಣು ಸಂಖ್ಯೆ 82, ಅದೇ ಇದು ಅಂತ ಹೇಳಿಬಿಡಿ. ಪೆನ್ಸಿಲಿನ ಲೆಡ್ಡಲ್ಲಿ ಮಾತ್ರ ಸೀಸ ಇಲ್ಲ, ಅದು ಗ್ರಾಫೈಟ್.

ಈ ಗುಂಪಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ‘ಲೀಡ್’ನ ಭೂತಕಾಲದ ಸದ್ದು ಲೋಹದ್ದೇ, ‘ಲೆಡ್’. ಆದರೆ ಸ್ಪೆಲ್ಲಿಂಗ್ ಎಲ್-ಇ-ಡಿ, ನಡುವೆ ‘ಎ’ ಇಲ್ಲ. ‘ರೀಡ್’ಗೆ ಎರಡೂ ಕಾಲದಲ್ಲಿ ಒಂದೇ ಸ್ಪೆಲ್ಲಿಂಗ್ ಇರೋದರಿಂದ ಇಲ್ಲೂ ಹಾಗೇ ಅಂದುಕೊಂಡು ಎ ಸೇರಿಸುತ್ತಾರೆ. ಇನ್ನೊಂದು, ‘ವೈಂಡ್’ನ ಭೂತಕಾಲ ಡಬ್ಲ್ಯು-ಒ-ಯು-ಎನ್-ಡಿ, ಉಚ್ಚಾರ ‘ವೌಂಡ್’. ಅದೇ ಐದು ಅಕ್ಷರ ಗಾಯ ಆದಾಗ ‘ವೂಂಡ್’. ಜೋಡಿಯೊಳಗೆ ಇನ್ನೊಂದು ಜೋಡಿ ಇದು, ಮೊದಲ ದಿನ ಮುಟ್ಟಬೇಡಿ.

‘ರೀಡ್/ರೆಡ್’ಗೆ ವ್ಯಾಕರಣದಲ್ಲೇ ಒಂದು ಗುರುತಿದೆ. ಕರ್ತೃ ‘ಹಿ’, ‘ಶಿ’ ಅಥವಾ ಒಬ್ಬರ ಹೆಸರಿದ್ದು ಕ್ರಿಯಾಪದಕ್ಕೆ ಕೊನೆಯಲ್ಲಿ ಎಸ್ ಇಲ್ಲ, ಹಿಂದೆ ‘ಕ್ಯಾನ್’, ‘ವಿಲ್’, ‘ಡಿಡ್’ ಥರದ್ದೂ ಇಲ್ಲ ಅಂದರೆ ಅದು ಭೂತಕಾಲ, ಓದಬೇಕಾದ್ದು ‘ರೆಡ್’. ‘ಐ’, ‘ವಿ’, ‘ದೇ’ ಬಂದರೆ ಈ ಗುರುತು ನಡೆಯಲ್ಲ, ವಾಕ್ಯದಲ್ಲಿ ನಿನ್ನೆ ಇದೆಯೋ ದಿನಾ ಇದೆಯೋ ನೋಡಬೇಕು.

ಎರಡನೇ ಗುಂಪಿನಲ್ಲಿ ಕೊನೆಯ ವ್ಯಂಜನ ಬದಲಾಗುತ್ತೆ. ಕ್ಲೋಸ್ (ಹತ್ತಿರ)/ಕ್ಲೋಜ಼್ (ಮುಚ್ಚು), ಯೂಸ್ (ಬಳಕೆ)/ಯೂಜ಼್ (ಬಳಸು), ಎಕ್ಸ್‌ಕ್ಯೂಸ್ (ನೆಪ)/ಎಕ್ಸ್‌ಕ್ಯೂಜ಼್ (ಮನ್ನಿಸು). ‘ಕ್ಲೋಸ್-ಅಪ್’ ಫೋಟೊದಲ್ಲಿ ಇರೋದು ಸ್, ‘ಅಂಗಡಿ ಕ್ಲೋಸ್’ ಅನ್ನುವಾಗ ಇರಬೇಕಾದ್ದು ಜ಼್. ಕನ್ನಡದಲ್ಲಿ ಈ ಸದ್ದಿಗೆ ಅಕ್ಷರ ಇಲ್ಲದ್ದರಿಂದ ಬಾಯಿ ತಾನಾಗೇ ಸ್ ಕಡೆಗೋ ಜ್ ಕಡೆಗೋ ವಾಲುತ್ತೆ. ಹೇಳಿಕೊಡೋ ಕ್ರಮ ಹೀಗೆ: ಎರಡು ಬೆರಳು ಗಂಟಲ ಮೇಲೆ ಇಡಿಸಿ, ‘ಸ್‌ಸ್‌ಸ್’ ಅಂತ ಎಳೆಸಿ, ನಾಲಿಗೆ ಅಲ್ಲಾಡಿಸದೆ ಗಂಟಲಿನ ದನಿ ಸೇರಿಸೋಕೆ ಹೇಳಿ. ಬೆರಳಿಗೆ ಗುಂಯ್ ಅನ್ನೋ ನಡುಕ ಸಿಕ್ಕರೆ ಸದ್ದು ಬಂತು. ‘ಜ್’ ಅನ್ನುವವರ ನಾಲಿಗೆ ಅಂಗಳಕ್ಕೆ ತಾಗುತ್ತೆ, ಅದು ತಾಗಬಾರದು.

ಮೂರನೇ ಗುಂಪೇ ಕಷ್ಟದ್ದು. ರೆಕಾರ್ಡ್, ಪ್ರೆಸೆಂಟ್, ಆಬ್ಜೆಕ್ಟ್, ಪ್ರಾಜೆಕ್ಟ್, ಕಾಂಡಕ್ಟ್, ಕಾಂಟೆಂಟ್. ನಾಮಪದ ಆದಾಗ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದ ಆದಾಗ ಎರಡನೆಯದಕ್ಕೆ ಅಂತ ಎಲ್ಲ ಪುಸ್ತಕದಲ್ಲೂ ಇರುತ್ತೆ. ನಮ್ಮ ಮಕ್ಕಳಿಗೆ ಇದು ಹತ್ತೋದೇ ಇಲ್ಲ, ಯಾಕಂದ್ರೆ ಕನ್ನಡದಲ್ಲಿ ಒತ್ತು ಆಚೀಚೆ ಆದರೆ ಅರ್ಥ ಬದಲಾಗಲ್ಲ. ಒತ್ತಿ ಹೇಳಿ ಅಂದರೆ ಕೂಗುತ್ತಾರೆ, ಅಷ್ಟೇ. ಒತ್ತಿನ ಮಾತನ್ನೇ ಬಿಟ್ಟು ಸ್ವರ ತೋರಿಸಿ. ಒತ್ತು ಎರಡನೇ ಭಾಗಕ್ಕೆ ಸರಿದಾಗ ಮೊದಲ ಸ್ವರ ಕುಗ್ಗುತ್ತೆ: ರೆಕಾರ್ಡ್ → ರಿಕಾರ್ಡ್, ಪ್ರೆಜ಼ೆಂಟ್ → ಪ್ರಿಜ಼ೆಂಟ್, ಆಬ್ಜೆಕ್ಟ್ → ಅಬ್ಜೆಕ್ಟ್, ಪ್ರಾಜೆಕ್ಟ್ → ಪ್ರಜೆಕ್ಟ್, ಕಾಂಡಕ್ಟ್ → ಕಂಡಕ್ಟ್. ಇದನ್ನು ಕನ್ನಡದಲ್ಲಿ ಬರೆಯಬಹುದು, ಕಿವಿಯೂ ಹಿಡಿಯುತ್ತೆ, ಒತ್ತು ಅದರ ಹಿಂದೆ ತಾನಾಗೇ ಬರುತ್ತೆ.

ಇಲ್ಲೂ ಗೂಟ ಉಂಟು. ಮಾಡುವವರ, ಮಾಡುವುದರ ಹೆಸರು ಹುಟ್ಟೋದು ಕ್ರಿಯಾಪದದಿಂದ. ‘ಕಂಡಕ್ಟರ್’, ‘ಪ್ರಜೆಕ್ಟರ್’, ‘ರಿಕಾರ್ಡಿಂಗ್’. ಬಸ್ಸಿನ ಕಂಡಕ್ಟರನ್ನು ಯಾರೂ ‘ಕಾಂಡಕ್ಟರ್’ ಅನ್ನಲ್ಲ. ಬಾಲ ಕತ್ತರಿಸಿದರೆ ಕ್ರಿಯಾಪದದ ಉಚ್ಚಾರ ಕೈಗೆ ಸಿಗುತ್ತೆ.

ಆದರೆ ಇದನ್ನೇ ಎಲ್ಲದಕ್ಕೂ ಅಂಟಿಸೋ ಹಾಗಿಲ್ಲ. ‘ರಿಪೋರ್ಟ್’, ‘ಸಪೋರ್ಟ್’ ನಾಮಪದ ಆದರೂ ಕ್ರಿಯಾಪದ ಆದರೂ ಒಂದೇ. ‘ಪರ್ಮಿಟ್’ನಲ್ಲಿ ಒತ್ತು ಸರಿಯುತ್ತೆ, ಕನ್ನಡದಲ್ಲಿ ಬರೆದರೆ ವ್ಯತ್ಯಾಸ ಕಾಣಲ್ಲ, ಈ ಪಾಠಕ್ಕೆ ಅದು ಬೇಡ. ‘ಕಾಂಟೆಂಟ್’ ಇರಲಿ: ಒಳಗಿನ ಸರಕು ‘ಕಾಂಟೆಂಟ್’, ತೃಪ್ತ ಅನ್ನೋದು ‘ಕಂಟೆಂಟ್’. ಈಗ ಮೊಬೈಲು ಹಿಡಿದವರೆಲ್ಲ ‘ಕಂಟೆಂಟ್ ಮಾಡ್ತೀವಿ’ ಅಂತಾರಲ್ಲ, ಅದು ಸಂತೃಪ್ತಿ ಮಾಡೋದಾಯ್ತು.

ಕಾಫಿಕಣ_ಮೂಡಿಗೆರೆ

ಮೂರನೇ ಪ್ರಶ್ನೆಗೆ. ‘ಇಲ್ಲ’ ಅನ್ನಬೇಡಿ ಮೇಡಂ. ಅಚ್ಚಗನ್ನಡದಲ್ಲಿ ಸಿಗೋದು ಕಷ್ಟ, ನಿಜ. ಆದರೆ ದಿನಾ ಬರೆಯೋ ಕನ್ನಡದಲ್ಲಿ ಇದೆ, ಅದೂ ನಮ್ಮ ಕಡೆ ದಿನಕ್ಕೆ ಮೂರು ಹೊತ್ತು ಬಾಯಲ್ಲಿ ಬರೋ ಪದವೇ.

‘ಅವನು ಕಾಪಿ ಮಾಡ್ತಿದಾನೆ.’

ಅಡುಗೆಮನೆಯಲ್ಲಿ ನಿಂತು ಹೇಳಿದರೆ ಒಲೆ ಮೇಲೆ ಡಿಕಾಕ್ಷನ್ ಇಳೀತಿದೆ. ಪರೀಕ್ಷೆ ಹಾಲಿನಲ್ಲಿ ನಿಂತು ಹೇಳಿದರೆ ಪಕ್ಕದವನ ಪೇಪರು ನೋಡಿ ಬರೀತಿದಾನೆ. ಕಾಗದದ ಮೇಲೆ ಎರಡೂ ಕಾಪಿ. ಬಾಯಲ್ಲಿ ಮೊದಲನೆಯದು ಶುದ್ಧ ‘ಕಾ’, ದವಡೆ ಪೂರ್ತಿ ತೆರೆಯುತ್ತೆ. ಎರಡನೆಯದನ್ನು ಇಂಗ್ಲಿಷ್ ರೂಢಿ ಇರೋರು ತುಟಿ ದುಂಡಗೆ ಮಾಡಿ, ‘ಕಾ’ಗೂ ‘ಕೋ’ಗೂ ನಡುವೆ ಹೇಳ್ತಾರೆ. ರೂಢಿ ಇಲ್ಲದವರ ಬಾಯಲ್ಲಿ ಎರಡೂ ಒಂದೇ, ಆಗ ಅದು ಬರೀ ನಾನಾರ್ಥ. ಪುಸ್ತಕದ ಕನ್ನಡದವರು ‘ಕಾಫಿ’ ಅಂತ ಬರೆದು ತಪ್ಪಿಸಿಕೊಳ್ಳಬಹುದು. ಮಲೆನಾಡಿನ ಮಾತನ್ನು ಮಾತಿದ್ದ ಹಾಗೇ ಬರೆಯೋರು ತಪ್ಪಿಸಿಕೊಳ್ಳೋಕಾಗಲ್ಲ.

ಇದೇ ಜಾತಿಯವು ಇನ್ನೂ ಇವೆ. ಫಾರಂ: ಅರ್ಜಿಯ ಫಾರಂ ದುಂಡು ತುಟಿಯದು, ಕೋಳಿ ಫಾರಂ ತೆರೆದ ಬಾಯಿಯದು. ‘ಹಾಲ್ ಎಲ್ಲಿದೆ?’ ಅಂದರೆ ಕುಡಿಯೋ ಹಾಲೋ ಮದುವೆ ಹಾಲೋ? ‘ಕಾಲ್ ಬಂತಾ?’ ಅಂದರೆ ಫೋನೋ, ಜೋಮು ಹಿಡಿದಿದ್ದ ಕಾಲಿಗೆ ಜೀವ ಬಂದದ್ದೋ? ಮೂಲ ಕಾರಣ ಒಂದೇ: ಆ ದುಂಡು ಸ್ವರಕ್ಕೆ ಕನ್ನಡದಲ್ಲಿ ಅಕ್ಷರ ಇಲ್ಲ. ದೇವನಾಗರಿಯವರು ಮೇಲೊಂದು ಅರ್ಧಚಂದ್ರ ಇಟ್ಟು ಬೇರೆ ಮಾಡಿಕೊಂಡರು, ನಾವು ‘ಆ’ಕಾರದ ಇಳಿಯನ್ನೇ ಎರಡಕ್ಕೂ ದುಡಿಸಿಕೊಂಡೆವು.

ವ್ಯಂಜನದ ಕಡೆ ‘ಫ’ ಇದೆ. ‘ಫಲ’ದ್ದು ‘ಪ’ದ ಮಹಾಪ್ರಾಣ, ಎರಡು ತುಟಿ ಕೂಡಿ ಬಿಡಬೇಕು. ‘ಫ್ಯಾನ್’ದು ಕೆಳತುಟಿಗೆ ಮೇಲಿನ ಹಲ್ಲು ತಾಗೋದು. ಅಕ್ಷರ ಒಂದೇ ಆದ್ದರಿಂದ ‘ಫಲ’ವನ್ನೂ ಹಲ್ಲು ತಾಗಿಸಿ ಓದೋದು ವಾರ್ತೆಯಲ್ಲೂ ಕೇಳಿಸುತ್ತೆ. ಪರಿಹಾರ ಅಂತ ಅಕ್ಷರದ ಕೆಳಗೆ ಎರಡು ಚುಕ್ಕಿ, ಅಂದರೆ ನುಕ್ತಾ, ಇದೆ: ಫ಼, ಜ಼. ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡಿನಲ್ಲೂ ಅದಕ್ಕೆ ಜಾಗ ಕೊಟ್ಟಿದ್ದಾರೆ. ಬಳಸೋರು ಕಡಿಮೆ, ಆದರೆ ನಿಮ್ಮ ಬೋರ್ಡಿಗೆ ಧಾರಾಳ ಸಾಕು. ‘ಕ್ಲೋಜ಼್’ ಬರೆಯುವಾಗ ಚುಕ್ಕಿಯನ್ನು ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಹಾಕಿ. ಇಲ್ಲದಿದ್ದರೆ ಮಕ್ಕಳು ಬೋರ್ಡಿನ ಕಲೆ ಅಂದುಕೊಂಡು ಬಿಟ್ಟೇಬಿಡ್ತಾರೆ.

ಕಟ್ಟಿನಕೆರೆ_ಇಂಗ್ಲಿಷ್ (ಹಾಸನ)

‘ಕಾಪಿ’ಯಿಂದಲೇ ಪಾಠ ಶುರು ಮಾಡಬಹುದು. ಹಾಗಾದರೆ ‘ಬಂದರು’ (ಬಂದವರು, ಹಡಗು ನಿಲ್ಲುವ ಜಾಗ), ‘ಏಳು’ (ಸಂಖ್ಯೆ, ಎದ್ದೇಳು), ‘ಹತ್ತು’ ಇವೂ ಈ ಪಟ್ಟಿಗೆ ಬರ್ತಾವಾ? ‘ಬೇಡ’ ಕೂಡ ಇದೆಯಲ್ಲ: ನಿರಾಕರಣೆಯ ಬೇಡ ಮಾತಿನಲ್ಲಿ ‘ಬ್ಯಾಡ’ ಆಗುತ್ತೆ, ಬೇಟೆಗಾರ ಬೇಡ ಹಾಗೇ ಉಳಿಯುತ್ತೆ.

ಹಳೇಲಿಪಿ_ಬೇಲೂರು

ಬರಲ್ಲ. ಬಂದರು, ಏಳು, ಹತ್ತು ಮೂರರಲ್ಲೂ ಬರಹ ಒಂದೇ, ಉಚ್ಚಾರವೂ ಒಂದೇ, ಅರ್ಥ ಮಾತ್ರ ಎರಡು. ಶಾಲೆಯಲ್ಲಿ ನಾನಾರ್ಥ ಅಂತ ಕಲಿಸ್ತೀವಲ್ಲ, ಅದು. ಇಂಗ್ಲಿಷ್ ಪಾಠದ ಜೊತೆ ಇದನ್ನು ಬೆರೆಸಿದರೆ ಎರಡೂ ಕಲಸುಮೇಲೋಗರ ಆಗುತ್ತೆ.

‘ಬೇಡ’ದ ವಿಷಯ: ಬಯಲು ಸೀಮೆಯ ಹಳ್ಳಿ ಮಾತಿನಲ್ಲಿ ಬೇಟೆಗಾರರೂ ‘ಬ್ಯಾಡ್ರು’ ಆಗ್ತಾರೆ. ಮುಂದಿನ ಅಕ್ಷರದಲ್ಲಿ ‘ಅ’ ಇದ್ದರೆ ಹಿಂದಿನ ‘ಏ’ ಅಗಲವಾಗೋದು ಆಡುಮಾತಿನ ರೂಢಿ, ಅರ್ಥ ನೋಡಿಕೊಂಡು ಅದು ಬದಲಾಗಲ್ಲ. ಉದಾಹರಣೆಗೆ ಕೊಡಬೇಡಿ, ಯಾವನಾದರೂ ಹುಡುಗ ‘ನಮ್ಮಜ್ಜಿ ಎರಡನ್ನೂ ಬ್ಯಾಡ ಅಂತಾಳೆ’ ಅಂದರೆ ಉತ್ತರ ಇರಲ್ಲ.

ಆದರೆ ಕನ್ನಡದ ಒಂದು ದೊಡ್ಡ ವಿಷಯ ಈ ಪಾಠದ ಪಕ್ಕಕ್ಕೇ ಬರುತ್ತೆ. ಇವತ್ತು ಒಂದೇ ಥರ ಬರೆದು ಒಂದೇ ಥರ ಓದೋ ಎಷ್ಟೋ ಜೋಡಿಗಳು ಹಳಗನ್ನಡದಲ್ಲಿ ಬರಹದಲ್ಲೂ ಉಚ್ಚಾರದಲ್ಲೂ ಬೇರೆ ಬೇರೆ ಇದ್ದವು. ಎರಡು ಅಕ್ಷರ ಬಿದ್ದುಹೋದವು, ಶಕಟರೇಫೆ ಱ ಮತ್ತು ರಳ ೞ. ಅವು ಹೋದ ಮೇಲೆ ಪದಗಳು ಒಂದರ ಮೇಲೊಂದು ಕೂತುಬಿಟ್ಟವು.

‘ಹಸು ಕರೆದೆ’ ತಗೊಳ್ಳಿ. ಕೂಗಿ ಕರೆದದ್ದೋ, ಹಾಲು ಕರೆದದ್ದೋ? ಹಳಗನ್ನಡದಲ್ಲಿ ಕೂಗೋದು ಕರೆ, ಹಾಲಿನದು ಕಱೆ. ‘ಅರಿ’ಯೂ ಹಾಗೇ: ತಿಳಿಯೋದು ಅಱಿ, ಕತ್ತರಿಸೋದು ಅರಿ. ‘ಬಾಳು’ ಈಗ ಬದುಕು ಮಾತ್ರ. ಆಗ ಬದುಕು ಬಾೞ್, ಕತ್ತಿ ಬಾಳ್. ತಮಿಳು, ಮಲಯಾಳದಲ್ಲಿ ಈ ಅಕ್ಷರಗಳು ಇನ್ನೂ ಬಳಕೆಯಲ್ಲಿರೋದರಿಂದ ಅಲ್ಲಿ ಕತ್ತಿ, ಬದುಕು ಎರಡೂ ಈಗಲೂ ಬೇರೆ ಬೇರೆ.

ಇದಕ್ಕೆ ಸಾಕ್ಷಿ ನಮ್ಮ ತಾಲ್ಲೂಕಿನಲ್ಲೇ ಸಿಕ್ಕಿದ್ದು. ಹಲ್ಮಿಡಿ ಶಾಸನ, 16 ಸಾಲು, ಕಾಲ ಸುಮಾರು ಕ್ರಿ.ಶ. 450 ಅಂತ ಸಾಮಾನ್ಯವಾಗಿ ಹೇಳ್ತಾರೆ, ಬೆಳಕಿಗೆ ತಂದವರು ಎಂ. ಎಚ್. ಕೃಷ್ಣ, 1936ರಲ್ಲಿ. ವಿಜ ಅರಸನಿಗೆ ಪಲ್ಮಡಿ, ಮೂೞಿವಳ್ಳಿ ಅನ್ನೋ ಎರಡು ಊರು ದತ್ತಿ ಕೊಟ್ಟ ಕಡೆ ‘ಬಾಳ್ಗೞ್ಚು’ ಅನ್ನೋ ಪದ ಬರುತ್ತೆ. ಬಿಡಿಸಿದರೆ ಬಾಳ್ + ಕೞ್ಚು, ಕತ್ತಿ ತೊಳೆಯೋದು, ಯುದ್ಧ ಗೆದ್ದವನಿಗೆ ಕೊಡೋ ಉಂಬಳಿ. ಒಂದೇ ಪದದಲ್ಲಿ ಳ ಒಂದು ಸಲ, ೞ ಒಂದು ಸಲ. ಎರಡೂ ಒಂದೇ ಸದ್ದಾಗಿದ್ದರೆ ಎರಡು ಅಕ್ಷರದ ಗೋಜು ಯಾಕೆ ಬೇಕಿತ್ತು? 13ನೇ ಶತಮಾನಕ್ಕೆ ಬರೋ ಹೊತ್ತಿಗೆ ವ್ಯಾಕರಣಕಾರ ಕೇಶಿರಾಜ ಈ ಳ-ಜಾತಿಯ ಸದ್ದುಗಳಿಗೆ ರಳ, ಕುಳ, ಕ್ಷಳ ಅಂತ ಬೇರೆ ಬೇರೆ ಹೆಸರಿಟ್ಟು ಯಾವ ಪದಕ್ಕೆ ಯಾವ ಅಕ್ಷರ ಅಂತ ವಿಂಗಡಿಸಿ ಹೇಳಬೇಕಾಯ್ತು.

ಎಚ್ಚರಿಕೆ: ಎಲ್ಲ ಜೋಡಿಗೂ ಈ ಕಥೆ ಹಚ್ಚಬೇಡಿ. ಸಂಖ್ಯೆಯ ಏಳಿಗೂ ಎದ್ದೇಳುವ ಏಳಿಗೂ ಹಳಗನ್ನಡದಲ್ಲೂ ೞ ಒಂದೇ. ಟೈಪ್ ಮಾಡಿ ಪ್ರಿಂಟ್ ತೆಗೆಯೋದಾದರೆ ಫಾಂಟ್ ನೋಡಿಕೊಳ್ಳಿ, ಹಳೆಯ ಫಾಂಟುಗಳಲ್ಲಿ ೞ ಬದಲು ಖಾಲಿ ಚೌಕ ಬೀಳುತ್ತೆ. ಹುಡುಕುವಾಗ ಒಂದು ತಮಾಷೆ: ಯೂನಿಕೋಡ್ ಪಟ್ಟಿಯಲ್ಲಿ ಈ ೞಕ್ಕೆ ತಪ್ಪಾಗಿ ‘ಕನ್ನಡ ಲೆಟರ್ ಫಾ’ ಅಂತ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರು ಬದಲಿಸಬಾರದು ಅನ್ನೋದು ಅಲ್ಲಿನ ನಿಯಮ, ಹಾಗಾಗಿ ಪಕ್ಕದಲ್ಲಿ ತಿದ್ದುಪಡಿ ಹೆಸರು ಸೇರಿಸಿ ಬಿಟ್ಟಿದ್ದಾರೆ.

ಗಿರಿಶ್ರೇಣಿ_ಚಿಕ್ಕಮಗಳೂರು

ಕನ್ನಡ ಲಿಪಿ ಬಿಟ್ಟು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡ್ತಾರಲ್ಲ, ಅಲ್ಲಿ ನೋಡಿ. ನೀವು ಕೇಳ್ತಿರೋ ಪದಗಳು ರಾಶಿ ಬಿದ್ದಿವೆ, ಮಕ್ಕಳಿಗೂ ಅದು ಅಭ್ಯಾಸ.

ಬಿ-ಎ-ಎಲ್-ಇ: ಬಲೆ, ಬಳೆ, ಬಾಳೆ, ಬಾಲೆ. ನಾಲ್ಕು. ಎಂ-ಎ-ಎಲ್-ಇ: ಮಳೆ, ಮಲೆ, ಮಾಲೆ, ಇಂಗ್ಲಿಷಾಗಿ ಓದಿದರೆ ‘ಮೇಲ್’, ಅಂದರೆ ಗಂಡು. ಎಚ್-ಒ-ಎಲ್-ಇ ನಮಗೆ ಹೊಳೆ, ಇಂಗ್ಲಿಷಿನವರಿಗೆ ತೂತು. ಪೀರಿಯಡ್ ಕೊನೆಯ ಹತ್ತು ನಿಮಿಷಕ್ಕೆ ಇದನ್ನೇ ಆಟ ಮಾಡಿ: ಬೋರ್ಡಿನ ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರ, ಎಷ್ಟು ಕನ್ನಡ ಪದ ಹೊರಡುತ್ತೆ? ಳ/ಲ, ಣ/ನ, ಹ್ರಸ್ವ/ದೀರ್ಘ ಈ ಮೂರು ಭೇದ ನುಂಗಿಹೋಗೋದರಿಂದಲೇ ಹೀಗಾಗೋದು ಅಂತ ಅವರಿಗೇ ಗೊತ್ತಾಗುತ್ತೆ. ಳಕ್ಕೆ ದೊಡ್ಡ ಎಲ್, ಣಕ್ಕೆ ದೊಡ್ಡ ಎನ್, ದೀರ್ಘಕ್ಕೆ ಎರಡು ಎ ಹಾಕಿದರೆ ನಾಲ್ಕೂ ಪದ ಬೇರೆಯಾಗ್ತವೆ.

ಊರ ಹೆಸರೂ ಹೀಗೇ. ಹಾಸನದ ಇಂಗ್ಲಿಷ್ ಸ್ಪೆಲ್ಲಿಂಗೂ ಹಸನ್ ಅನ್ನೋ ಗಂಡಸಿನ ಹೆಸರಿನ ಒಂದು ಸ್ಪೆಲ್ಲಿಂಗೂ ಅಕ್ಷರಶಃ ಒಂದೇ, ಹೊರಗಿನವರು ಊರನ್ನು ‘ಹಸ್ಸಾನ್’ ಅನ್ನೋದು ಅದಕ್ಕೇ. 2014ರ ನವೆಂಬರ್ 1ರಿಂದ ರಾಜ್ಯದ 12 ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾದಾಗ ಚಿಕ್ಕಮಗಳೂರಿಗೆ ಕಳೆದುಹೋಗಿದ್ದ ‘ಕ್ಕ’ ಮರಳಿ ಸಿಕ್ಕಿತು, ಹಾಸನ ಆ ಪಟ್ಟಿಯಲ್ಲಿರಲಿಲ್ಲ. ಬೇಲೂರಿಗೂ ಒಂದು ಜೋಡಿ ಇದೆ: ಕೋಲ್ಕತ್ತದ ಹತ್ತಿರದ ರಾಮಕೃಷ್ಣ ಮಠದ ಊರು ಬಂಗಾಳಿಯಲ್ಲಿ ‘ಬೇಲುಡ್’, ಇಂಗ್ಲಿಷಿನಲ್ಲಿ ಅದೇ ಐದು ಅಕ್ಷರ. ಕನ್ನಡದವರು ಅದನ್ನೂ ‘ಬೇಲೂರು ಮಠ’ ಅಂತಲೇ ಓದಿಕೊಂಡಿದ್ದೇವೆ.

ಮೊಬೈಲಿನ ಓದುವ ದನಿಯಿಂದ ಆಡಿಯೊ ಮಾಡಿಕೊಳ್ಳೋ ಯೋಚನೆ ಇದ್ದರೆ ಒಂದು ಮಾತು. ಬಿಡಿ ಪದ ಕೊಡಬೇಡಿ. ಎಲ್-ಇ-ಎ-ಡಿ ಒಂದನ್ನೇ ಕೊಟ್ಟರೆ ಯಂತ್ರ ಯಾವುದೋ ಒಂದು ಉಚ್ಚಾರ ಆರಿಸಿಕೊಳ್ಳುತ್ತೆ. ಪೂರ್ತಿ ವಾಕ್ಯ ಕೊಡಿ, ಕೊಟ್ಟ ಮೇಲೂ ಒಂದೊಂದಾಗಿ ಕೇಳಿ ನೋಡಿ. ಭೂತಕಾಲದ ‘ರೆಡ್’ ತಪ್ಪಿದರೆ ಕೆಂಪು ಬಣ್ಣದ ಸ್ಪೆಲ್ಲಿಂಗ್ ಹಾಕಿ, ಸದ್ದು ಅದೇ. ಇದೇ ಉಪಾಯ ಲೋಹಕ್ಕೆ ಮಾಡೋಕೆ ಹೋಗಿ ದೊಡ್ಡಕ್ಷರದಲ್ಲಿ ಎಲ್-ಇ-ಡಿ ಹಾಕಿದರೆ ಅದು ಬಲ್ಬಿನ ಹೆಸರಾಗಿ ‘ಎಲ್ಲೀಡಿ’ ಅನ್ನುತ್ತೆ, ಚಿಕ್ಕಕ್ಷರದಲ್ಲೇ ಹಾಕಿ.

ಕಟ್ಟಿನಕೆರೆ_ಇಂಗ್ಲಿಷ್ (ಹಾಸನ)

ಎಲ್ಲರಿಗೂ ಧನ್ಯವಾದ. ಅರಸೀಕೆರೆಯವರೇ, ‘ಸೆಪರೇಟ್’, ‘ಎಸ್ಟಿಮೇಟ್’ ನಿಮ್ಮ ಮೂರು ಗುಂಪಲ್ಲಿ ಎಲ್ಲಿಗೆ ಬರುತ್ತೆ?

ಅರಸೀಕೆರೆ_ಜಂಕ್ಷನ್

ಎಲ್ಲೂ ಬರಲ್ಲ, ನಾಲ್ಕನೇ ಗುಂಪು ಮಾಡಿ. ಎ-ಟಿ-ಇ ಬಾಲದವು. ಕ್ರಿಯಾಪದ ಆದರೆ ಬಾಲ ‘ಏಟ್’: ಸೆಪರೇಟ್, ಎಸ್ಟಿಮೇಟ್, ಡ್ಯೂಪ್ಲಿಕೇಟ್, ಗ್ರಾಜುಯೇಟ್. ನಾಮಪದ, ವಿಶೇಷಣ ಆದರೆ ಬಾಲ ಕುಗ್ಗಿ ‘ಅಟ್’: ಸೆಪ್ರಟ್, ಎಸ್ಟಿಮಟ್, ಡ್ಯೂಪ್ಲಿಕಟ್, ಗ್ರಾಜುಅಟ್. ಒತ್ತು ಇಲ್ಲಿ ಜಾಗ ಬಿಟ್ಟು ಕದಲಲ್ಲ, ಮೂರನೇ ಗುಂಪಿಗೆ ಸೇರಿಸದೇ ಇರೋದು ಅದಕ್ಕೇ. ತೊಂದರೆ ಏನಂದ್ರೆ ಕನ್ನಡಕ್ಕೆ ಬಂದಿರೋದು ‘ಏಟ್’ ಒಂದೇ. ಗಾರೆ ಮೇಸ್ತ್ರಿ ‘ಎಸ್ಟಿಮೇಟ್ ಕೊಡ್ತೀನಿ’ ಅಂತಾನೆ, ಬೀಗದ ಅಂಗಡೀಲಿ ‘ಡ್ಯೂಪ್ಲಿಕೇಟ್ ಕೀ’ ಅಂತಾರೆ, ಒಂದು ನಾಮಪದದ ಜಾಗ, ಇನ್ನೊಂದು ವಿಶೇಷಣದ್ದು. ಹಾಗಾಗಿ ಇಲ್ಲಿ ಗೂಟ ಹುಡುಕೋಕೆ ಹೋಗಬೇಡಿ, ಇರೋ ಗೂಟವೇ ತಪ್ಪು ಕಡೆ ಎಳೆಯುತ್ತೆ. ಇದನ್ನು ಎರಡನೇ ಪೀರಿಯಡ್‌ನ ಕೊನೆಗಿಡಿ. ನಾಲ್ಕೇ ಪದ, ಪ್ರತಿಯೊಂದಕ್ಕೂ ಎರಡು ವಾಕ್ಯ, ಓದುವ ಮೊದಲು ‘ಇದು ಕೆಲಸವೋ, ವಸ್ತುವೋ, ಗುಣವೋ’ ಅಂತ ಮಕ್ಕಳ ಬಾಯಿಂದಲೇ ಹೇಳಿಸಿ, ಆಮೇಲೆ ಓದಿಸಿ.